ಮೂರನೆಯ ರಿಚರ್ಡ್‌ನ ಸಾವು: ನಾಟಕ, ಚರಿತ್ರೆ, ಮೂಳೆ ಇವನ್ನು ತಾಳೆ ನೋಡುವ ಕ್ರಮ

ಇಂಗ್ಲೆಂಡಿನ ರಾಜ ಮೂರನೆಯ ರಿಚರ್ಡ್ 1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ, ಕಿರೀಟಕ್ಕಾಗಿ ಎದುರು ನಿಂತ ಹೆನ್ರಿ ಟ್ಯೂಡರ್‌ನ ಸೈನ್ಯದ ಕೈಯಲ್ಲಿ ಸತ್ತ. ಶೇಕ್ಸ್‌ಪಿಯರ್‌ನ ‘ಮೂರನೆಯ ರಿಚರ್ಡ್’ ನಾಟಕದ ಕೊನೆಯನ್ನು ಚರಿತ್ರೆಯ ಪಕ್ಕದಲ್ಲಿಟ್ಟು ನೋಡಲು ಹೊರಟವರು ಸಾಮಾನ್ಯವಾಗಿ ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಕ್ಕೆ ನಾಟಕ, ಬಲಕ್ಕೆ ನಿಜ. ಕೆಲಸ ಅಲ್ಲೇ ಕೆಡುತ್ತದೆ. ಬಲಗಡೆ ಬಂದು ಕೂರುವುದೆಲ್ಲ ಒಂದೇ ಬಗೆಯದಲ್ಲ. ನಾಟಕಕಾರ ಓದಿದ ಚರಿತ್ರೆ ಗ್ರಂಥ ಬೇರೆ, ರಾಜ ಸತ್ತ ಮರುದಿನವೋ ಮರುವರ್ಷವೋ ಬರೆದಿಟ್ಟ ದಾಖಲೆ ಬೇರೆ, ನೆಲದಿಂದ ಎತ್ತಿದ ಮೂಳೆ ಬೇರೆ. ಇವನ್ನೆಲ್ಲ ಒಟ್ಟಿಗೆ ಕಲಸಿದರೆ ‘ಶೇಕ್ಸ್‌ಪಿಯರ್ ಚರಿತ್ರೆ ತಿರುಚಿದ’ ಎಂಬ ತೀರ್ಪು ಸುಲಭವಾಗಿ ಸಿಗುತ್ತದೆ. ಬಿಡಿಸಿ ಇಟ್ಟರೆ ಅವನು ಯಾವುದನ್ನು ಬೇರೆಯವರಿಂದ ಹಾಗೇ ತೆಗೆದುಕೊಂಡ, ಯಾವುದನ್ನು ತಾನೇ ಸೇರಿಸಿದ, ಯಾವುದನ್ನು ಬಿಟ್ಟ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಈ ಸಾವಿನ ಮಟ್ಟಿಗೆ ಅವನು ಸೇರಿಸಿದ್ದಕ್ಕಿಂತ ಬಿಟ್ಟದ್ದೇ ದೊಡ್ಡದು.

ಹಾಳೆ ಹಾಕಿಕೊಳ್ಳುವುದು

ಹಾಳೆಯನ್ನು ಅಡ್ಡಲಾಗಿ ಇಟ್ಟು ಐದು ಅಂಕಣ ಎಳೆಯಿರಿ. ಮೊದಲನೆಯದು ಪ್ರಶ್ನೆಗೆ. ಎರಡನೆಯದು ನಾಟಕಕ್ಕೆ, ಮೂರನೆಯದು ನಾಟಕಕಾರ ಓದಿದ ಚರಿತ್ರೆಗೆ, ನಾಲ್ಕನೆಯದು ಸಾವಿನ ಆಸುಪಾಸಿನಲ್ಲೇ ಬರೆದ ದಾಖಲೆಗಳಿಗೆ, ಐದನೆಯದು ಮಣ್ಣು ಮತ್ತು ಮೂಳೆಗೆ. ನಾಲ್ಕನೆಯದಕ್ಕೆ ಹೆಚ್ಚು ಅಗಲ ಬಿಡಿ, ಅಲ್ಲಿ ಬಾಯಿಗಳು ಹೆಚ್ಚು.

ಪ್ರಶ್ನೆಗಳು ಸಣ್ಣವಾಗಿರಲಿ. ‘ರಾಜ ಹೇಗೆ ಸತ್ತ’ ಎಂದು ಒಂದೇ ಸಾಲು ಬರೆದರೆ ಉತ್ತರವೂ ಮಸುಕಾಗಿಯೇ ಬರುತ್ತದೆ. ಯಾವ ದಿನ? ಯಾವ ಜಾಗ? ಕುದುರೆ ಏನಾಯಿತು? ಓಡಿಹೋಗುವ ಅವಕಾಶ ಇತ್ತೇ? ಎದುರಾಳಿ ಹೆನ್ರಿ ಎಷ್ಟು ಹತ್ತಿರವಿದ್ದ? ಕೊನೆಯ ಮಾತೇನು? ಹೊಡೆದವರು ಯಾರು, ಎಷ್ಟು ಜನ? ಯಾವ ಆಯುಧ? ಪೆಟ್ಟು ಬಿದ್ದದ್ದು ಎಲ್ಲಿ? ಕಿರೀಟ ಯಾರ ಕೈಗೆ ಹೋಯಿತು? ಹೆಣವನ್ನು ಏನು ಮಾಡಿದರು? ಹನ್ನೊಂದು ಸಾಲು ಸಾಕು.

ಪ್ರತಿ ಮನೆಯಲ್ಲೂ ಮೂರರಲ್ಲಿ ಒಂದು ಗುರುತು ಹಾಕಿ: ಹೊಂದುತ್ತದೆ, ಹೊಂದುವುದಿಲ್ಲ, ಮೌನ. ಈ ಮೂರನೆಯ ಗುರುತನ್ನು ಮರೆಯುವವರೇ ಹೆಚ್ಚು. ಒಂದು ದಾಖಲೆ ಕುದುರೆಯ ಸುದ್ದಿಯನ್ನೇ ಎತ್ತದಿದ್ದರೆ ಅದು ನಾಟಕದ ಕುದುರೆಯನ್ನು ಅಲ್ಲಗಳೆದಂತೆ ಆಗುವುದಿಲ್ಲ.

ನಾಟಕದ ಅಂಕಣ

ಇದನ್ನು ಮೊದಲು ತುಂಬಿ, ನಾಟಕದ ಪಾಠದಿಂದಲೇ ತುಂಬಿ. ನೋಡಿದ ಸಿನಿಮಾದಿಂದಲೋ ಯಾವುದೋ ರಂಗಪ್ರಯೋಗದ ನೆನಪಿನಿಂದಲೋ ಬೇಡ. ನಿರ್ದೇಶಕರು ಈ ಸಾವನ್ನು ಮನಸ್ಸಿಗೆ ಬಂದಂತೆ ಮಾಡಿಸಿದ್ದಾರೆ. ಐದನೆಯ ಅಂಕದ ಕೊನೆಯ ಮೂರು ದೃಶ್ಯಗಳು ನಿಮಗೆ ಬೇಕು. ಮುದ್ರಣದಿಂದ ಮುದ್ರಣಕ್ಕೆ ದೃಶ್ಯಸಂಖ್ಯೆ ಬದಲಾಗುವುದರಿಂದ ಸಂಖ್ಯೆಯ ಜೊತೆಗೆ ದೃಶ್ಯದ ಮೊದಲ ಸಾಲನ್ನೂ ಬರೆದಿಟ್ಟುಕೊಳ್ಳಿ. 1597ರ ಕ್ವಾರ್ಟೋ (ಈ ಒಂದೇ ನಾಟಕದ ಚಿಕ್ಕ ಪುಸ್ತಕ), 1623ರ ಫೋಲಿಯೋ (ಅವನ ನಾಟಕಗಳ ದೊಡ್ಡ ಸಂಕಲನ) ಎರಡರ ಪಾಠಗಳ ನಡುವೆ ಅಂತರವಿದೆ, ನಿಮ್ಮ ಪುಸ್ತಕ ಯಾವುದನ್ನು ಅನುಸರಿಸಿದೆ ಎಂಬುದನ್ನು ಮುನ್ನುಡಿಯಲ್ಲಿ ನೋಡಿ.

ಓದಿದರೆ ಸಿಗುವುದು ಇಷ್ಟು. ರಿಚರ್ಡ್‌ನ ಕುದುರೆ ಸತ್ತಿದೆ, ಅವನು ಕಾಲಾಳಾಗಿ ಕಾದುತ್ತಿದ್ದಾನೆ. ಇಂದು ಐದು ಜನ ರಿಚ್‌ಮಂಡರನ್ನು ಕೊಂದೆ, ಇನ್ನೂ ನಿಜವಾದವನು ಸಿಕ್ಕಿಲ್ಲ ಎನ್ನುತ್ತಾನೆ. (ರಿಚ್‌ಮಂಡ್ ಎಂದರೆ ಹೆನ್ರಿ ಟ್ಯೂಡರ್, ಮುಂದೆ ಏಳನೆಯ ಹೆನ್ರಿ.) ಅವನ ಆಪ್ತ ಕೇಟ್ಸ್‌ಬಿ ಹಿಂದಕ್ಕೆ ಸರಿಯಿರಿ, ಕುದುರೆ ತಂದುಕೊಡುತ್ತೇನೆ ಎಂದಾಗ ಅವನನ್ನು ಗದರಿಸಿ, ಪ್ರಾಣವನ್ನೇ ಪಣಕ್ಕಿಟ್ಟಿದ್ದೇನೆ ಎನ್ನುತ್ತಾನೆ. ‘ಒಂದು ಕುದುರೆ! ಒಂದು ಕುದುರೆ! ಕುದುರೆಗೆ ನನ್ನ ರಾಜ್ಯವನ್ನೇ ಕೊಟ್ಟೆ!’ ಎಂಬ ಕೂಗೇ ಅವನ ಕೊನೆಯ ಮಾತು. ಮುಂದಿನ ದೃಶ್ಯದಲ್ಲಿ ಅವನಿಗೆ ಮಾತೇ ಇಲ್ಲ. ಇಬ್ಬರೂ ಬರುತ್ತಾರೆ, ಹೋರಾಡುತ್ತಾರೆ, ರಿಚರ್ಡ್ ಸಾಯುತ್ತಾನೆ, ಅಷ್ಟೂ ರಂಗಸೂಚನೆಯಲ್ಲೇ ಮುಗಿಯುತ್ತದೆ.

ಕುದುರೆಯ ಕೂಗನ್ನು ಹೇಡಿಯ ಕೂಗೆಂದು ಬರೆದಿಡಬೇಡಿ. ಹಿಂದುಮುಂದಿನ ಸಾಲುಗಳನ್ನು ಸೇರಿಸಿ ಓದಿದರೆ ಅವನು ಕುದುರೆ ಕೇಳುವುದು ತಿರುಗಿ ಕಾದಲಿಕ್ಕೆ.

ಇಲ್ಲೇ ಇನ್ನೆರಡು ಗುರುತು ಮಾಡಿಕೊಳ್ಳಿ. ಒಂದು, ಯುದ್ಧದ ಹಿಂದಿನ ರಾತ್ರಿ ರಿಚ್‌ಮಂಡ್ ತನ್ನ ಧ್ವಜ ಹಿಡಿಯುವ ಕೆಲಸವನ್ನು ಸರ್ ವಿಲಿಯಂ ಬ್ರಾಂಡನ್‌ಗೆ ಒಪ್ಪಿಸುತ್ತಾನೆ. ಎರಡು, ಕೊನೆಯಲ್ಲಿ ಸತ್ತವರ ಪಟ್ಟಿ ಓದುವಾಗ ನಾರ್ಫೋಕ್, ಫೆರರ್ಸ್, ಬ್ರಾಕೆನ್‌ಬರಿಯವರ ಜೊತೆಗೆ ಬ್ರಾಂಡನ್ ಹೆಸರೂ ಬರುತ್ತದೆ. ಪಟ್ಟಿ ಸರಿಯಾಗಿದೆ, ನಾಲ್ವರೂ ಆ ದಿನವೇ ಸತ್ತವರು. ಬ್ರಾಂಡನ್‌ನನ್ನು ಕೊಂದವರು ಯಾರು ಎಂಬುದನ್ನು ಮಾತ್ರ ನಾಟಕ ಹೇಳುವುದಿಲ್ಲ. ಆ ಮನೆಯಲ್ಲಿ ‘ಮೌನ’ ಎಂದು ಬರೆದು ಕೆಳಗೆ ಗೆರೆ ಹಾಕಿ.

ಹೆಸರುಗಳಲ್ಲಿ ಒಂದು ಗೊಂದಲ ಎಲ್ಲರನ್ನೂ ಕಾಡುತ್ತದೆ. ನಾಟಕದಲ್ಲಿ ಡರ್ಬಿ ಎಂದೂ ಸ್ಟ್ಯಾನ್ಲಿ ಎಂದೂ ಬರುವವನು ಒಬ್ಬನೇ, ಥಾಮಸ್ ಸ್ಟ್ಯಾನ್ಲಿ. ಅವನಿಗೆ ಡರ್ಬಿಯ ಅರ್ಲ್ ಪದವಿ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. ಯುದ್ಧದ ದಿಕ್ಕು ತಿರುಗಿಸಿದವನು ಅವನ ತಮ್ಮ ಸರ್ ವಿಲಿಯಂ ಸ್ಟ್ಯಾನ್ಲಿ. ಅಣ್ಣತಮ್ಮಂದಿರನ್ನು ಒಬ್ಬನೇ ಎಂದುಕೊಂಡರೆ ಮೂರನೆಯ, ನಾಲ್ಕನೆಯ ಅಂಕಣಗಳು ಎರಡೂ ಕೆಡುತ್ತವೆ.

ನಾಟಕಕಾರ ಓದಿದ್ದು

ಇಲ್ಲಿ ಬರಬೇಕಾದವರು ಎಡ್ವರ್ಡ್ ಹಾಲ್ (1548) ಮತ್ತು ರಾಫೇಲ್ ಹಾಲಿನ್‌ಷೆಡ್ (1587ರ ಎರಡನೆಯ ಮುದ್ರಣ). ಇಬ್ಬರ ಹಿಂದೆಯೂ ಇರುವವನು ಪಾಲಿಡೋರ್ ವರ್ಜಿಲ್. 1502ರಲ್ಲಿ ಇಂಗ್ಲೆಂಡಿಗೆ ಬಂದ ಈ ಇಟಲಿಯವನು ಏಳನೆಯ ಹೆನ್ರಿಯ ಒತ್ತಾಸೆಯಿಂದ ಲ್ಯಾಟಿನ್‌ನಲ್ಲಿ ಚರಿತ್ರೆ ಬರೆದ, ಅದು 1534ರಲ್ಲಿ ಅಚ್ಚಾಯಿತು. ಹಾಲ್ ಅದನ್ನು ಇಂಗ್ಲಿಷಿಗೆ ತಂದು ಹಿಗ್ಗಿಸಿದ, ಹಾಲಿನ್‌ಷೆಡ್ ಹಾಲ್‌ನಿಂದ ತೆಗೆದುಕೊಂಡ. ಹಾಗಾಗಿ ಮೂವರೂ ಒಂದೇ ಮಾತು ಹೇಳಿದರೆ ಅದನ್ನು ಮೂರು ಸಾಕ್ಷಿಯೆಂದು ಎಣಿಸಬೇಡಿ. ಅದು ಒಂದೇ ಸಾಕ್ಷಿ, ಮೂರು ಬಾಯಿಂದ ಬಂದದ್ದು. ಈ ಕೆಲಸದಲ್ಲಿ ಅತಿ ಹೆಚ್ಚಾಗಿ ಆಗುವ ತಪ್ಪು ಇದೇ.

ರಿಚರ್ಡ್‌ನ ಚರಿತ್ರೆ ಬರೆದ ಥಾಮಸ್ ಮೋರ್‌ನನ್ನು ಈ ಅಂಕಣಕ್ಕೆ ಎಳೆದು ತರುವವರೂ ಇದ್ದಾರೆ. ನಾಟಕದ ಮೊದಲ ಭಾಗಕ್ಕೆ ಅವನು ಬೇಕೇ ಬೇಕು. ಆದರೆ ಅವನ ಕಥನ 1483ರಲ್ಲೇ ನಿಂತುಹೋಗುತ್ತದೆ, ಯುದ್ಧದವರೆಗೆ ಬರುವುದೇ ಇಲ್ಲ. ಸಾವಿನ ಬಗ್ಗೆ ಅವನಲ್ಲಿರುವುದು ನಡುವೆ ಹಾದುಹೋಗುವ ಒಂದು ಮಾತು ಮಾತ್ರ: ಶತ್ರುಗಳ ಕೈಯಲ್ಲಿ ಕೊಚ್ಚಿಸಿಕೊಂಡ, ಹೆಣವನ್ನು ಕುದುರೆಯ ಮೇಲೆ ಹೇರಿಕೊಂಡು ಹೋದರು, ಕೂದಲು ಹಿಡಿದು ಜಗ್ಗಿದರು ಎಂದು.

ಈಗ ಹಾಲ್‌ನನ್ನು ನಿಧಾನವಾಗಿ ಓದಿ. ಹೆನ್ರಿ ಚಿಕ್ಕ ಗುಂಪಿನೊಡನೆ ದೂರದಲ್ಲಿರುವುದನ್ನು ಕಂಡು ರಿಚರ್ಡ್ ಕುದುರೆಗೆ ಹಿಮ್ಮಡಿ ತಾಕಿಸಿ ಸೀದಾ ಅವನ ಮೇಲೇ ನುಗ್ಗುತ್ತಾನೆ. ಮೊದಲ ಹೊಡೆತಕ್ಕೇ ಧ್ವಜ ಹಿಡಿದಿದ್ದ ಬ್ರಾಂಡನ್‌ನನ್ನು ಕೊಲ್ಲುತ್ತಾನೆ. ಅಡ್ಡ ಬಂದ ಸರ್ ಜಾನ್ ಚೇನಿ ಬಹಳ ಬಲಶಾಲಿ, ಅವನನ್ನೂ ನೆಲಕ್ಕೆ ಕೆಡವುತ್ತಾನೆ. ಹೆನ್ರಿ ತನ್ನವರು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಕತ್ತಿಯ ಮೊನೆಯಲ್ಲಿ ಅವನನ್ನು ತಡೆಹಿಡಿಯುತ್ತಾನೆ. ಅಷ್ಟರಲ್ಲಿ ವಿಲಿಯಂ ಸ್ಟ್ಯಾನ್ಲಿ ಮೂರು ಸಾವಿರ ಜನರೊಡನೆ ಬರುತ್ತಾನೆ. ರಿಚರ್ಡ್‌ನ ಕಡೆಯವರು ಚದುರುತ್ತಾರೆ, ಅವನು ಶತ್ರುಗಳ ನಡುವೆ ಗಂಡಸಿನಂತೆ ಕಾದುತ್ತಾ ಸಾಯುತ್ತಾನೆ. ಸೋಲು ಖಚಿತವಾದಾಗ ವೇಗದ ಕುದುರೆಯೊಂದನ್ನು ತಂದುಕೊಟ್ಟರು, ಅವನು ಬೇಡವೆಂದ ಎಂಬುದೂ ಅಲ್ಲಿಯೇ ಇದೆ.

ಅಂದರೆ ಕೇಟ್ಸ್‌ಬಿಯ ಕುದುರೆಗೂ ರಾಜನ ನಿರಾಕರಣೆಗೂ ಮೂಲ ಇಲ್ಲಿದೆ. ಇಬ್ಬರೂ ಎದುರುಬದುರಾದರೆಂಬ ಬೀಜವೂ ಇಲ್ಲೇ ಇದೆ. ಇಲ್ಲದಿರುವುದು ಒಂದೇ: ಹೆನ್ರಿ ತನ್ನ ಕೈಯಿಂದ ಅವನನ್ನು ಕೊಂದ ಎಂಬುದು.

ಕುದುರೆಯ ಕೂಗಿಗೂ ಹಳೆಯ ಪ್ರತಿಯಿದೆ. ಇದೇ ರಾಜನ ಮೇಲೆ ಕರ್ತೃ ಗೊತ್ತಿಲ್ಲದ ಇನ್ನೊಂದು ನಾಟಕ 1594ರಲ್ಲಿ ಅಚ್ಚಾಗಿತ್ತು. ಅದರಲ್ಲಿಯೂ ರಾಜ ಹೊಸ ಕುದುರೆಗಾಗಿ ಕೂಗುತ್ತಾನೆ.

ಆಗಿನವರ ಮಾತು

ಈ ಅಂಕಣದಲ್ಲಿ ಪ್ರತಿ ದಾಖಲೆಯ ಮುಂದೆಯೂ ನಾಲ್ಕು ಸಂಗತಿ ಬರೆಯಿರಿ: ಯಾವಾಗ ಬರೆದದ್ದು, ಎಲ್ಲಿ ಕುಳಿತು, ಯಾರ ಕಡೆಯವರು, ಕಣ್ಣಾರೆ ಕಂಡವರೇ.

ಕಾಲದಲ್ಲಿ ಅತಿ ಹತ್ತಿರದ್ದು ಯಾರ್ಕ್ ನಗರಸಭೆಯ ದಾಖಲೆ, ಯುದ್ಧದ ಮರುದಿನ, 1485ರ ಆಗಸ್ಟ್ 23ರದ್ದು. ರಾಜನನ್ನು ಕರುಣಾಜನಕವಾಗಿ ಕೊಲ್ಲಲಾಯಿತೆಂದು ನಗರದ ಶೋಕವನ್ನು ಅದರಲ್ಲಿ ಬರೆದಿದ್ದಾರೆ. ಹೊಸ ರಾಜ ಗೆದ್ದಿರುವಾಗ ಹೀಗೆ ಬರೆಯಲು ಧೈರ್ಯ ಬೇಕು. ಆದರೂ ಅದೇ ದಾಖಲೆ ನಾರ್ಫೋಕ್ ಡ್ಯೂಕ್ ದ್ರೋಹ ಮಾಡಿದನೆನ್ನುತ್ತದೆ. ನಾರ್ಫೋಕ್ ರಿಚರ್ಡ್‌ಗಾಗಿ ಕಾದಿ ಸತ್ತವನು. ಹೆನ್ರಿಯ ಕಡೆಯಿಂದ ಹೊರಟ ಘೋಷಣೆಯೂ ಹೀಗೇ: ರಿಚರ್ಡ್‌ನ ಕಡೆಯ ಲಿಂಕನ್, ಸರ್ರೆ, ಲವೆಲ್ ಸತ್ತರೆಂದು ಸಾರಿತು, ಮೂವರೂ ಬದುಕಿದ್ದರು. ಬೇಗ ಬರೆದದ್ದು ಎಂಬ ಒಂದೇ ಕಾರಣಕ್ಕೆ ಪ್ರತಿ ವಿವರವನ್ನೂ ನಂಬಬಾರದು ಎಂಬುದಕ್ಕೆ ಇವೆರಡೇ ಸಾಕು.

ಕ್ರೌಲ್ಯಾಂಡ್ ಮಠದ ವೃತ್ತಾಂತದ ಮುಂದುವರಿಕೆ 1486ರದ್ದು. ಬರೆದವನ ಹೆಸರು ಗೊತ್ತಿಲ್ಲ, ಆಡಳಿತದ ಒಳಹೊರಗು ಬಲ್ಲವನು, ರಿಚರ್ಡ್‌ನ ಸ್ನೇಹಿತನಂತೂ ಅಲ್ಲ. ಅಂಥವನೇ, ರಾಜ ಅನೇಕ ಪ್ರಾಣಾಂತಿಕ ಗಾಯಗಳಾಗಿ, ಓಡುತ್ತ ಅಲ್ಲ, ರಣದಲ್ಲಿ ನಿಂತು ವೀರನಂತೆ ಬಿದ್ದ ಎನ್ನುತ್ತಾನೆ. ಹೆಣಕ್ಕೆ ಅವಮಾನ ಮಾಡಿದರೆಂದೂ, ಕೊರಳಿಗೆ ಹಗ್ಗ ಹಾಕಿದ್ದರೆಂದೂ ಸೇರಿಸುತ್ತಾನೆ. ಜಾನ್ ರೌಸ್ ಇನ್ನೂ ಕಟುವಾದ ವಿರೋಧಿ. ರಿಚರ್ಡ್ ತಾಯಿಯ ಗರ್ಭದಲ್ಲಿ ಎರಡು ವರ್ಷವಿದ್ದು ಹಲ್ಲು ಕೂದಲು ಸಮೇತ ಹುಟ್ಟಿದ ಎಂದು ಬರೆದ ಮನುಷ್ಯ. ಅವನೂ ಸಾವಿನ ಸಾಲಿಗೆ ಬಂದಾಗ, ದ್ರೋಹ ದ್ರೋಹವೆಂದು ಕೂಗುತ್ತಾ ಕೊನೆಯುಸಿರಿನ ತನಕ ಯೋಧನಂತೆ ಹೋರಾಡಿದ ಎನ್ನುತ್ತಾನೆ. ಹಗೆ ಇದ್ದವನು ಬಾಯಿಬಿಟ್ಟು ಹೊಗಳಿದರೆ ಆ ಮಾತಿಗೆ ತೂಕ ಹೆಚ್ಚು ಕೊಡಿ. ‘ಕೊನೆಯ ಮಾತು’ ಎಂಬ ಸಾಲಿನಲ್ಲಿ ನಾಟಕದ ಕುದುರೆಯ ಎದುರು ರೌಸ್‌ನ ‘ದ್ರೋಹ’ ಬರುತ್ತದೆ.

ಹೊರದೇಶದ ಎರಡು ದನಿಗಳೂ ಬೇಕು. ಸ್ಪೇನಿನ ಡಿಯೇಗೋ ದೆ ವಲೇರಾ 1486ರ ಮಾರ್ಚ್‌ನಲ್ಲಿ ತನ್ನ ದೊರೆಗಳಿಗೆ ಬರೆದ ಪತ್ರದಲ್ಲಿ, ಸಲಜಾರ್ ಎಂಬವನು ಪಾರಾಗಿ ಹೋಗೆಂದು ರಾಜನಿಗೆ ಹೇಳಿದ್ದನ್ನೂ, ರಾಜ ಒಪ್ಪದೆ ಶಿರಸ್ತ್ರಾಣದ ಮೇಲೆ ಕಿರೀಟ ಧರಿಸಿ ಕಾದಿದ್ದನ್ನೂ ಹೇಳುತ್ತಾನೆ. ಬರ್ಗಂಡಿಯ ಆಸ್ಥಾನದ ಜಾನ್ ಮೋಲಿನೆ, ಕುದುರೆ ಜೌಗಿನಲ್ಲಿ ಹೂತುಕೊಂಡು ಮೇಲೇಳದಾಯಿತು, ಆಗ ವೇಲ್ಸ್‌ನವನೊಬ್ಬ ಹಾಲ್‌ಬರ್ಡಿನಿಂದ ಹೊಡೆದು ಕೊಂದ ಎನ್ನುತ್ತಾನೆ. ಹಾಲ್‌ಬರ್ಡ್ ಎಂದರೆ ಆಳೆತ್ತರದ ಹಿಡಿಗೆ ಕೊಡಲಿ, ಈಟಿಮೊನೆ ಎರಡನ್ನೂ ಕೂಡಿಸಿದ ಆಯುಧ. ವೇಲ್ಸ್ ಕವಿ ಗಿಟೋರ್ ಗ್ಲಿನ್ ತನ್ನ ಪೋಷಕ, ಹೆನ್ರಿಯ ಕಡೆಯ ರೀಸ್ ಆಪ್ ಥಾಮಸ್‌ನನ್ನು ಹೊಗಳುವ ಪದ್ಯದಲ್ಲಿ ಹಂದಿಯನ್ನು ಕೊಂದು ತಲೆ ಬೋಳಿಸಿದ ಪ್ರಸ್ತಾಪವಿದೆ. ಬಿಳಿಯ ಕಾಡುಹಂದಿ ರಿಚರ್ಡ್‌ನ ಲಾಂಛನ.

ತಾರೀಖಿನ ಸಾಲಿನಲ್ಲಿ ಒಂದು ಗುಂಡಿ ಇದೆ. ಯುದ್ಧ ನಡೆದದ್ದು ಆಗಸ್ಟ್ 22ರಂದು. ಹೆನ್ರಿ ತನ್ನ ಆಳ್ವಿಕೆಯನ್ನು 21ರಿಂದಲೇ ಎಣಿಸಿಕೊಂಡ. ಹಾಗೆ ಮಾಡಿದರೆ 22ರಂದು ರಿಚರ್ಡ್ ಪರ ನಿಂತವರೆಲ್ಲ ರಾಜದ್ರೋಹಿಗಳಾಗುತ್ತಾರೆ, ಅವರ ಆಸ್ತಿ ಮುಟ್ಟುಗೋಲಾಗುತ್ತದೆ. ಹಾಗಾಗಿ ದಾಖಲೆಯಲ್ಲಿ 21 ಕಂಡರೆ ಅದನ್ನು ಸಾವಿನ ದಿನವೆಂದು ತಿಳಿಯಬೇಡಿ. ಇವೆಲ್ಲ ಹಳೆಯ ಜೂಲಿಯನ್ ಪಂಚಾಂಗದ ತಾರೀಖುಗಳು, ಇಂದಿನದಕ್ಕೆ ತಿರುಗಿಸಲು ಹೋಗದೆ ಹಾಗೇ ಇಡಿ.

ಮಣ್ಣು, ಮೂಳೆ

ಜಾಗದ ವಿಷಯ ಬೇಗ ಮುಗಿಸಬಹುದು. ಬಹುಕಾಲ ಆಂಬಿಯನ್ ಗುಡ್ಡವೇ ರಣರಂಗವೆಂದು ತೋರಿಸುತ್ತಿದ್ದರು. 2005ರಿಂದ 2010ರವರೆಗೆ ಲೋಹಶೋಧಕ ಹಿಡಿದು ನಡೆಸಿದ ಹುಡುಕಾಟದಲ್ಲಿ ಮೂವತ್ತಕ್ಕೂ ಹೆಚ್ಚು ಸೀಸದ ಗುಂಡುಗಳು ಸಿಕ್ಕಿದ್ದು ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ನೈರುತ್ಯಕ್ಕೆ, ತಗ್ಗಿನ ಹೊಲಗಳಲ್ಲಿ. ಹಳೆಯ ಜೌಗಿನ ಅಂಚಿನಲ್ಲಿ ಚಿನ್ನದ ಮುಲಾಮಿನ ಬೆಳ್ಳಿಯ ಪುಟ್ಟ ಹಂದಿ ಬಿಲ್ಲೆಯೂ ಸಿಕ್ಕಿತು. ರಾಜನ ಆಪ್ತರು ಧರಿಸುವಂಥದ್ದು. ಮೋಲಿನೆಯ ಜೌಗಿಗೆ ಇದು ಬಲ ಕೊಡುತ್ತದೆ. ನಾಟಕದಲ್ಲೂ ಜೌಗು ಬರುತ್ತದೆ, ಆದರೆ ಶತ್ರು ಅದನ್ನು ದಾಟಿ ಬಂದರೆಂಬ ಸುದ್ದಿಯಾಗಿ ಮಾತ್ರ. ಶೇಕ್ಸ್‌ಪಿಯರ್‌ಗೆ ಮೋಲಿನೆ ಗೊತ್ತಿದ್ದನೆಂದು ಇದರಿಂದ ತೀರ್ಮಾನಿಸಬೇಡಿ. ಜೌಗು ಹಾಲ್‌ನಲ್ಲೇ ಇದೆ.

ಮೂಳೆಯ ಮೇಲೆ ಹೊತ್ತು ಕಳೆಯಿರಿ. 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಜಾಗವೊಂದರ ಕೆಳಗೆ, ಹಿಂದೆ ಗ್ರೇಫ್ರಯರ್ಸ್ ಮಠದ ಗರ್ಭಭಾಗವಿದ್ದ ಕಡೆ, ಅಸ್ಥಿಪಂಜರ ಸಿಕ್ಕಿತು. 2013ರ ಫೆಬ್ರವರಿ 4ರಂದು ಲೆಸ್ಟರ್ ವಿಶ್ವವಿದ್ಯಾಲಯ ಅದು ರಿಚರ್ಡ್‌ನದ್ದೆಂದು ಪ್ರಕಟಿಸಿತು. ಗಾಯಗಳ ವಿವರ 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪತ್ರಿಕೆ ವರದಿಗಳ ಬದಲು ಆ ಪ್ರಬಂಧವನ್ನೇ ಇಟ್ಟುಕೊಳ್ಳಿ.

ಸಾವಿನ ಹೊತ್ತಿನ ಗಾಯಗಳು ಹನ್ನೊಂದು: ತಲೆಬುರುಡೆ, ಮುಖ, ದವಡೆ ಸೇರಿ ಒಂಬತ್ತು, ಪಕ್ಕೆಲುಬಿನಲ್ಲಿ ಒಂದು, ಸೊಂಟದ ಮೂಳೆಯಲ್ಲಿ ಒಂದು. ಪ್ರಾಣ ತೆಗೆದಿರಬಹುದಾದವು ಬುರುಡೆಯ ತಳದಲ್ಲಿರುವ ಎರಡು. ದೊಡ್ಡದು ಕತ್ತಿಯದ್ದೋ ಹಾಲ್‌ಬರ್ಡಿನಂಥ ಆಯುಧದ್ದೋ, ಎಲುಬಿನ ತುಂಡನ್ನೇ ಹಾರಿಸಿದೆ. ಇನ್ನೊಂದರಲ್ಲಿ ಅಲಗಿನ ಮೊನೆ ಒಳಹೊಕ್ಕು ಎದುರು ಬದಿಯ ಒಳಮೈಗೆ ತಾಗಿದೆ. ನೆತ್ತಿಯ ಹಿಂಭಾಗದಲ್ಲಿ ಮೂರು ಕಡೆ ಎಲುಬನ್ನು ತೆಳ್ಳಗೆ ಹೆರೆದ ಗುರುತುಗಳಿವೆ. ಗಿಟೋರ್ ಗ್ಲಿನ್‌ನ ‘ತಲೆ ಬೋಳಿಸಿದ’ ಎಂಬ ಮಾತನ್ನು ಬಹಳ ಜನ ಬರೀ ಅಲಂಕಾರವೆಂದುಕೊಂಡಿದ್ದರು.

ಗಾಯ ಇಲ್ಲದ ಜಾಗವೂ ಸಾಕ್ಷಿಯೇ. ಕೈಗಳಲ್ಲಿ, ಮುಂದೋಳಿನಲ್ಲಿ ತಡೆಯಲು ಹೋಗಿ ತಿಂದ ಪೆಟ್ಟುಗಳಿಲ್ಲ. ಅಂದರೆ ಮೈಕವಚ ಇನ್ನೂ ಇತ್ತು, ತಲೆಯ ಶಿರಸ್ತ್ರಾಣ ಹೋಗಿತ್ತು. ಕವಚ ಇರುವಾಗ ಪಕ್ಕೆಲುಬಿಗೂ ಸೊಂಟಕ್ಕೂ ಅಲಗು ಮುಟ್ಟುವುದು ಕಷ್ಟ. ಸೊಂಟದ ಗಾಯ ಹಿಂದಿನಿಂದ ಪೃಷ್ಠದ ಮೂಲಕ ತಿವಿದದ್ದು. ಹಾಗಾಗಿ ಕವಚ ಕಳಚಿ, ಬೆತ್ತಲೆ ಹೆಣವನ್ನು ಕುದುರೆಯ ಮೇಲೆ ಹೇರಿದಾಗ ಇವು ಆಗಿರಬೇಕೆಂಬುದು ತಜ್ಞರ ಊಹೆ. ಕ್ರೌಲ್ಯಾಂಡ್‌ನವನ ‘ಅವಮಾನ’ ಎಂಬ ಮಾತಿನ ಎದುರು ಇದನ್ನು ಬರೆಯಿರಿ.

ಮೂಳೆಯಿಂದ ಹಿಂಡಿ ತೆಗೆಯಲಾಗದ ಸಂಗತಿಗಳೂ ಇವೆ, ಇಲ್ಲಿ ಹುಷಾರಾಗಿರಿ. ಹನ್ನೊಂದು ಎಂಬುದು ಕನಿಷ್ಠ ಸಂಖ್ಯೆ, ಮಾಂಸಕ್ಕಷ್ಟೇ ಆದ ಗಾಯ ಎಲುಬಿನಲ್ಲಿ ಉಳಿಯುವುದಿಲ್ಲ. ಗಾಯಗಳು ಒಂದರ ಮೇಲೊಂದು ಬಿದ್ದಿಲ್ಲವಾದ್ದರಿಂದ ಯಾವುದು ಮೊದಲು ಯಾವುದು ಕೊನೆ ಎಂದು ಹೇಳಲಾಗದು. ಹೊಡೆದವನ ಹೆಸರಂತೂ ಎಲುಬಿನಲ್ಲಿಲ್ಲ. ಪಾದಗಳಿಲ್ಲದ್ದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ, ಅವು ಮುಂದಿನ ಕಾಲದ ಕಟ್ಟಡ ಕೆಲಸದಲ್ಲಿ ಹೋದವು. ಇಂಗಾಲದ ಕಾಲಗಣನೆ ಮೊದಲಿಗೆ 1485ಕ್ಕಿಂತ ಹಿಂದಿನ ಕಾಲ ತೋರಿಸಿದ್ದನ್ನು ಹಿಡಿದು ವಾದ ಮಾಡುವವರಿದ್ದಾರೆ. ಕಡಲ ಮೀನು ಹೆಚ್ಚು ತಿಂದವರ ಮೂಳೆ ಇದ್ದದ್ದಕ್ಕಿಂತ ಹಳೆಯದಾಗಿ ಕಾಣುತ್ತದೆ, ಅದನ್ನು ಸರಿಪಡಿಸಿದ ಮೇಲೆ ಲೆಕ್ಕ ಹೊಂದಿತು. ಬೆನ್ನುಮೂಳೆ ಪಕ್ಕಕ್ಕೆ ಬಲವಾಗಿ ಬಾಗಿತ್ತು ನಿಜ, ಆದರೆ ನಾಟಕದ ಗೂನು ಇರಲಿಲ್ಲ, ಸೊರಗಿದ ತೋಳೂ ಇರಲಿಲ್ಲ. ಆ ಮೈಯಿಂದಲೇ ಅವನು ಚೇನಿಯನ್ನು ಕೆಡವಿದ್ದು.

ಅಡ್ಡಸಾಲು ಓದುವುದು

ಅಂಕಣ ತುಂಬಿದ ಮೇಲೆ ಮೇಲಿನಿಂದ ಕೆಳಕ್ಕಲ್ಲ, ಎಡದಿಂದ ಬಲಕ್ಕೆ ಓದಿ. ‘ಹೊಡೆದವರು ಯಾರು’ ಎಂಬ ಸಾಲು ನೋಡಿ. ನಾಟಕದಲ್ಲಿ ರಿಚ್‌ಮಂಡ್ ಒಬ್ಬನೇ. ಹಾಲ್‌ನಲ್ಲಿ ಶತ್ರುಗಳ ಗುಂಪು. ಮೋಲಿನೆಯಲ್ಲಿ ವೇಲ್ಸ್‌ನವನು. ಮೂಳೆಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಅಲಗು, ಬೇರೆಬೇರೆ ದಿಕ್ಕಿನಿಂದ. ಇಲ್ಲಿ ನಾಟಕ ಒಂಟಿಯಾಗಿ ನಿಲ್ಲುತ್ತದೆ, ಇದು ನಾಟಕಕಾರನ ಕೈಕೆಲಸವೆಂದು ಧೈರ್ಯವಾಗಿ ಬರೆಯಬಹುದು. ಕಾರಣವೂ ಕಷ್ಟದ್ದಲ್ಲ: ಮುಂದಿನ ರಾಜನಾಗುವವನು ದೂರ ನಿಂತು ನೋಡುತ್ತಿದ್ದರೆ, ಹೆಸರಿಲ್ಲದ ಕಾಲಾಳು ಹಳೆಯ ರಾಜನನ್ನು ಮುಗಿಸಿದರೆ ಅಂಕ ಮುಗಿದಂತಾಗುವುದಿಲ್ಲ.

‘ಓಡುವ ಅವಕಾಶ’ ಎಂಬ ಸಾಲಿನಲ್ಲಿ ಹೆಚ್ಚಿನವರು ಒಟ್ಟಾಗುತ್ತಾರೆ. ವಲೇರಾ, ವರ್ಜಿಲ್, ಹಾಲ್, ನಾಟಕ ಒಂದೇ ಕಡೆ, ಕ್ರೌಲ್ಯಾಂಡ್‌ನವನೂ ಅದಕ್ಕೆ ಅಡ್ಡ ಬರುವುದಿಲ್ಲ. ಧೈರ್ಯವನ್ನು ಶೇಕ್ಸ್‌ಪಿಯರ್ ಕಸಿದುಕೊಳ್ಳಲಿಲ್ಲ. ಕಿರೀಟದ ಸಾಲೂ ಹೆಚ್ಚುಕಡಿಮೆ ಸರಿ: ಥಾಮಸ್ ಸ್ಟ್ಯಾನ್ಲಿ ಅದನ್ನು ಹೆನ್ರಿಗೆ ತಂದುಕೊಡುವುದು ವರ್ಜಿಲ್‌ನಿಂದಲೇ ಬಂದದ್ದು. ಮುಳ್ಳುಪೊದೆಯಲ್ಲಿ ಕಿರೀಟ ಸಿಕ್ಕಿದ ಕಥೆ ಆಮೇಲಿನದು, ನಾಟಕದಲ್ಲೂ ಇಲ್ಲ.

ಈಗ ಗೆರೆ ಹಾಕಿಟ್ಟ ಬ್ರಾಂಡನ್ ಮನೆಗೆ ಬನ್ನಿ. ರಾಜ ಬೆರಳೆಣಿಕೆಯ ಆಪ್ತರೊಡನೆ ಎದುರಾಳಿಯ ಧ್ವಜದವರೆಗೆ ನುಗ್ಗಿ, ಧ್ವಜ ಹಿಡಿದವನನ್ನು ಕೊಂದು, ಗೆಲುವಿಗೆ ಕತ್ತಿಯಳತೆಯಲ್ಲಿ ಇದ್ದ ಎಂಬುದು ಹಾಲ್‌ನಲ್ಲಿ ಕಣ್ಣಿಗೆ ಕಟ್ಟುವಂತಿದೆ. ಶೇಕ್ಸ್‌ಪಿಯರ್ ಅದನ್ನು ಓದಿದ್ದಾನೆ, ಬ್ರಾಂಡನ್‌ಗೆ ಧ್ವಜ ಕೊಡಿಸಿದ್ದಾನೆ, ಸತ್ತವರ ಪಟ್ಟಿಯಲ್ಲಿ ಸೇರಿಸಿದ್ದಾನೆ. ನಡುವಿನ ದಾಳಿಯನ್ನು ಮಾತ್ರ ತೆಗೆದುಹಾಕಿ, ಅದರ ಜಾಗದಲ್ಲಿ ಕುದುರೆ ಕಳೆದುಕೊಂಡು ನಕಲಿ ರಿಚ್‌ಮಂಡರನ್ನು ಕೊಲ್ಲುತ್ತ ಅಲೆಯುವವನನ್ನು ಇಟ್ಟಿದ್ದಾನೆ. ವಿಲಿಯಂ ಸ್ಟ್ಯಾನ್ಲಿ ಕೊನೆಗಳಿಗೆಯಲ್ಲಿ ಬಂದು ಪಾರುಮಾಡಿದ್ದೂ ಇದರ ಜೊತೆಗೇ ಮಾಯವಾಗುತ್ತದೆ. ಚರಿತ್ರೆಯಲ್ಲಿ ಹೆನ್ರಿಯನ್ನು ಇನ್ನೊಬ್ಬರು ಉಳಿಸಿದರು, ನಾಟಕದಲ್ಲಿ ಅವನನ್ನು ಯಾರೂ ಉಳಿಸಬೇಕಾಗಿಲ್ಲ. ಕೊನೆಯ ದ್ವಂದ್ವಯುದ್ಧಕ್ಕಿಂತ ಈ ಕತ್ತರಿಯೇ ಬಲವಾದದ್ದು, ಹೋಲಿಕೆಯ ಲೇಖನದಲ್ಲಿ ಇದಕ್ಕೇ ಹೆಚ್ಚು ಜಾಗ ಕೊಡಬೇಕು.

ಬರೆಯುವಾಗ ಪ್ರತಿ ಸಾಲಿಗೂ ಕ್ರಿಯಾಪದದ ಬಲವನ್ನು ಹಾಳೆಯ ಗುರುತಿಗೆ ತಕ್ಕಂತೆ ಇಡಿ. ಮೂಳೆ, ಆಗಿನ ದಾಖಲೆ ಎರಡೂ ಹೊಂದಿದರೆ ‘ಆಯಿತು’ ಎನ್ನಿ: ತಲೆಗೆ ಹಲವು ಪೆಟ್ಟು ಬಿದ್ದು ಸತ್ತ. ಪರಸ್ಪರ ನೋಡಿ ಬರೆಯದ ಇಬ್ಬರು ಹೇಳಿ ಮೂಳೆ ಮೌನವಾಗಿದ್ದರೆ ‘ಆಗಿರಬೇಕು’ ಎನ್ನಿ: ಪಾರಾಗುವ ದಾರಿಯನ್ನು ತಾನೇ ಬಿಟ್ಟುಕೊಟ್ಟಿರಬೇಕು. ಒಬ್ಬನೇ ಹೇಳಿದ್ದಾದರೆ ಅವನ ಹೆಸರು ಹಿಡಿದೇ ಬರೆಯಿರಿ: ಜೌಗಿನಲ್ಲಿ ಕುದುರೆ ಹೂತಿತೆಂದು ಮೋಲಿನೆ ಹೇಳುತ್ತಾನೆ. ಹೆಣವನ್ನು ಸೋರ್ ನದಿಗೆ ಎಸೆದರೆಂದು ಲೆಸ್ಟರ್‌ನಲ್ಲಿ ಬಹುಕಾಲ ನಂಬಿದ್ದ ಕಥೆಗೆ ಈಗ ‘ಹೊಂದುವುದಿಲ್ಲ’ ಎಂಬ ಗುರುತು ಸಾಕು. ಸಮಾಧಿ ಗ್ರೇಫ್ರಯರ್ಸ್‌ನಲ್ಲೇ ಇತ್ತು, ಗುಂಡಿ ದೇಹಕ್ಕೆ ಸಾಲದಷ್ಟು ಗಿಡ್ಡವಾಗಿತ್ತು, ಶವಪೆಟ್ಟಿಗೆ ಇರಲಿಲ್ಲ. 2015ರ ಮಾರ್ಚ್ 26ರಂದು ಆ ಮೂಳೆಗಳನ್ನು ಲೆಸ್ಟರ್ ಕೆಥೀಡ್ರಲ್‌ನಲ್ಲಿ ಮತ್ತೆ ಮಣ್ಣುಮಾಡಿದ್ದಾರೆ. ಹಾಗಾಗಿ ಐದನೆಯ ಅಂಕಣಕ್ಕೆ ಈಗ ಆಧಾರವಾಗಿ ಉಳಿದಿರುವುದು ಅಳತೆ, ಸ್ಕ್ಯಾನ್, ಚಿತ್ರಗಳು. ಯಾವ ಗಾಯಕ್ಕೆ ಪ್ರಬಂಧದ ಯಾವ ಚಿತ್ರ ಎಂಬುದನ್ನು ಆಯಾ ಮನೆಯಲ್ಲೇ ಬರೆದಿಡಿ.